ಎರಡು ಬೆರಳಿನ ದೂರು

ಮಾ ತೇಸಿಕ್ ಕೈ ಎತ್ತಿದ್ದೇನೋ ನಿಜ. ಎದುರಿನಿಂದ ತನ್ನದೇ ಕಂಪನಿಯ ಬಸ್ಸು ಬಂದಾಗ ಚಾಲಕನಾದವನು ಕೈ ಎತ್ತದೆ ಮತ್ತೇನು ಮಾಡಬೇಕು? ಮಾಸಾನ್ ಊರಿನಲ್ಲಿ ಎಲ್ಲ ಚಾಲಕರೂ ಎತ್ತುತ್ತಾರೆ. ಬೆಳಗ್ಗೆ ಗರಾಜಿನಲ್ಲಿ ಜಗಳವಾಡಿಕೊಂಡು ಹೊರಟ ಇಬ್ಬರು ಮಧ್ಯಾಹ್ನ ಮೀನು ಮಾರುಕಟ್ಟೆಯ ಮುಂದೆ ಎದುರಾದರೂ ಎತ್ತುತ್ತಾರೆ. ಸ್ಟೀರಿಂಗ್ ಮೇಲಿನ ಎಡಗೈ ಬಿಳಿ ಗವಸಿನ ಸಮೇತ ಒಂದು ಗಳಿಗೆ ಮೇಲೆದ್ದು ಇಳಿಯುತ್ತದೆ, ಅಷ್ಟೇ. ಬೆನ್ನ ಹಿಂದೆ ಬಸ್ಸು ತುಂಬ ಜನರನ್ನು ಕೂರಿಸಿಕೊಂಡು ಇಡೀ ದಿನ ಒಬ್ಬರ ಜೊತೆಗೂ ಮಾತಾಡದೆ ಕಳೆಯುವ ಕೆಲಸದಲ್ಲಿ ಇರುವ ಮಾತುಕತೆ ಅದೊಂದೇ.

ಆದರೆ ಆ ವರ್ಷ ಚಾಲಕರ ಸಂಘದ ಅಧ್ಯಕ್ಷರ ಚುನಾವಣೆ ಬಂತು. ಚುನಾವಣೆ ಬಂದರೆ ಕೆಮ್ಮಿಗೂ ಸೀನಿಗೂ ಅರ್ಥ ಹುಟ್ಟಿಕೊಳ್ಳುತ್ತದೆ. ಕೈಗೆ ಹುಟ್ಟದೆ ಇರುತ್ತದೆಯೇ?

ಕಣದಲ್ಲಿದ್ದವರು ಇಬ್ಬರು. ಚೀಟಿ ಎತ್ತಿದಾಗ ಒಂದನೇ ನಂಬರು ಬಂದದ್ದು ಪ್ಯೋ ಚಾಂಗ್‌ಹೊಗೆ. ನಾಲ್ಕು ಸಲ ಗೆದ್ದು ಕುರ್ಚಿಗೆ ಅಂಟಿಕೊಂಡವನು. ಅಂಟಿಕೊಂಡವನು ಎಂದರೆ ತಪ್ಪಾದೀತು, ಚಾಲಕರೇ ಅಂಟಿಸಿ ಕೂರಿಸಿದ್ದರು. ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು, ಅಲ್ಲಿನ ಪದ್ಧತಿಯಂತೆ ಬಂದವರಿಗೆಲ್ಲ ಊಟ ಬಡಿಸಿ, ಬೆಳಗಿನ ತನಕ ಕೂತು, ಕೊನೆಗೆ ಎದ್ದು ಹೋಗುವವನು ಅವನೇ. ಯಾರಿಗಾದರೂ ತೊಂದರೆ ಬಂತೆಂದರೆ ಮ್ಯಾನೇಜರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಒಳಗೆ ಅದೇನು ಮಾತಾಡುತ್ತಿದ್ದನೋ ಯಾರಿಗೂ ತಿಳಿಯದು, ಹೊರಗೆ ಬರುವ ಹೊತ್ತಿಗೆ ತೊಂದರೆ ಮಾಯವಾಗಿರುತ್ತಿತ್ತು. ಮುಚ್ಚಿದ ಬಾಗಿಲ ಹಿಂದಿನ ವ್ಯವಹಾರದಲ್ಲಿ ಪ್ಯೋ ಎತ್ತಿದ ಕೈ.

ಎರಡನೇ ನಂಬರು ಓಕ್ ಮಿಗ್ಯೊಂಗ್. ನಲವತ್ತು ದಾಟಿದ ಚಾಲಕಿ, ದನಿ ದೊಡ್ಡದು, ನಗುವೂ ದೊಡ್ಡದು. ಅವಳ ಬೇಡಿಕೆ ಒಂದೇ. ಅದನ್ನು ಅವಳು ಗರಾಜಿನ ಊಟದ ಮನೆಯಲ್ಲಿ, ಎಲ್ಲರೂ ಸೂಪು ಹೀರುತ್ತಿರುವಾಗಲೇ ಎದ್ದು ನಿಂತು ಹೇಳಿದ್ದಳು.

"ಉಚ್ಚೆ ಹೊಯ್ಯೋಕೆ ಟೈಮು ಬೇಕು, ಜಾಗಾನೂ ಬೇಕು. ಎರಡನ್ನೂ ಕಂಪನಿ ಕಾಗದದ ಮೇಲೆ ಬರೆದು ಕೊಡಬೇಕು. ಊಟದ ಹೊತ್ತಲ್ಲಿ ಹೇಳ್ತಿದ್ದೀನಿ ಅಂತ ಬೈಕೋಬೇಡಿ ಅಣ್ಣಂದಿರಾ, ಒಳಗೆ ಹೋದದ್ದು ಹೊರಗೆ ಬರಲೇಬೇಕಲ್ಲ."

ಉಪ್ಪಿನ ಧಕ್ಕೆಯ ಹತ್ತಿರ ಬಸ್ಸು ತಿರುಗುವ ಕಡೆ ಶೌಚಾಲಯವಿರಲಿಲ್ಲ. ಹಿಂದೆ ಅಲ್ಲಿನ ಪೆಟ್ರೋಲ್ ಬಂಕಿನ ಮಾಲೀಕನಿಗೆ ಪ್ಯೋ ಒಂದು ಮಾತು ಹೇಳಿಟ್ಟಿದ್ದ, ಚಾಲಕರು ಹೋಗಿಬರುತ್ತಿದ್ದರು. ಬಂಕು ಕೈ ಬದಲಾಯಿತು. ಹೊಸಬ ಬೀಗ ಜಡಿದ. ಗಂಡಸರು ನೀರಿನ ಬಾಟಲಿಯಲ್ಲೋ ಗೋಡೆಯ ಮರೆಯಲ್ಲೋ ಹೇಗೋ ಸುಧಾರಿಸಿಕೊಂಡರು. ಹೆಂಗಸರು ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಟ್ಟರು. ಮಿಗ್ಯೊಂಗ್ ಆ ಚಳಿಗಾಲದಲ್ಲಿ ಉರಿಮೂತ್ರಕ್ಕೆ ಜ್ವರ ಬಂದು ಆಸ್ಪತ್ರೆ ಸೇರಿದ್ದಳು. ಪ್ಯೋ ಹಣ್ಣಿನ ಬುಟ್ಟಿ ಹಿಡಿದು ನೋಡಲು ಹೋಗಿದ್ದ.

"ಹೊಸಬನ ಹತ್ರಾನೂ ಮಾತಾಡ್ತಿದ್ದೀನಮ್ಮ, ಇನ್ನೊಂದು ಸ್ವಲ್ಪ ದಿನ ತಡ್ಕೊ" ಎಂದಿದ್ದ.

"ತಡ್ಕೊಂಡಿದ್ದಕ್ಕೇ ಇಲ್ಲಿ ಮಲಗಿದ್ದೀನಿ ಅಣ್ಣ" ಎಂದಿದ್ದಳು ಅವಳು. ಆಸ್ಪತ್ರೆಯಿಂದ ನೆಟ್ಟಗೆ ಬಂದು ನಾಮಪತ್ರ ಹಾಕಿದಳು.

ಚುನಾವಣೆ ನಡೆಸಲು ಮೂವರು ಹಿರಿಯ ಚಾಲಕರ ಸಮಿತಿ. ಅದರ ಮುಖ್ಯಸ್ಥ ಬಾಂಗ್, ಕೆಂಪು ದೀಪ ಕಂಡರೆ ಖಾಲಿ ರಸ್ತೆಯಲ್ಲೂ ನಿಲ್ಲುವ ಜಾತಿಯವನು. ಪ್ರಚಾರ ಊಟದ ಮನೆಯಲ್ಲಿ ಮತ್ತು ವಿಶ್ರಾಂತಿ ಕೋಣೆಯಲ್ಲಿ ಮಾತ್ರ, ಕೆಲಸದ ಮೇಲಿರುವವರು ಪ್ರಚಾರ ಮಾಡುವಂತಿಲ್ಲ, ಮಾಡಿಸಿಕೊಳ್ಳುವಂತೆಯೂ ಇಲ್ಲ ಎಂದು ಅವನು ನಿಯಮ ಹಾಕಿದ. ಬೆಂಬಲಿಗರು ಮಾಡಿದ ತಪ್ಪು ಅಭ್ಯರ್ಥಿಯ ತಲೆಗೆ. ಮೊದಲನೆಯದಕ್ಕೆ ಎಚ್ಚರಿಕೆ, ಎರಡನೆಯದಕ್ಕೆ ಕಣದಿಂದಲೇ ಹೊರಗೆ.

ಮಿಗ್ಯೊಂಗ್ ಪಾಲಿನ ಮೊದಲನೆಯದು ಆಗಲೇ ಮುಗಿದಿತ್ತು. ಅವಳ ಗೆಳತಿಯೊಬ್ಬಳು ಅಂಗಳದಲ್ಲಿ ನಿಂತಿದ್ದ ಚಾಲಕನ ಕೈಗೆ ಕರಪತ್ರ ತುರುಕಿದಳು. ಆದರೆ ಆ ಕೈಯಲ್ಲಿ ಆಗಲೇ ಬಸ್ಸಿನ ಕೀಲಿಯಿತ್ತು. ಕೆಲಸ ಶುರುವಾಗುವುದು ಕೀಲಿ ಈಸಿಕೊಂಡಾಗಲೋ ಎಂಜಿನ್ ಚಾಲೂ ಮಾಡಿದಾಗಲೋ ಎಂದು ಸಮಿತಿ ಒಂದಿಡೀ ಮಧ್ಯಾಹ್ನ ತಲೆ ಚಚ್ಚಿಕೊಂಡು, ಕೊನೆಗೆ ಕೀಲಿ ಎಂದು ತೀರ್ಮಾನಿಸಿತು. ಇಂಥ ವಿಷಯಕ್ಕೆ ಜನ ಇಷ್ಟು ಗಂಭೀರವಾಗಿ ಕೂತದ್ದನ್ನು ನೋಡಿದ ಅಡುಗೆಯವಳು, ತನ್ನ ಕೆಲಸ ಶುರುವಾಗುವುದು ಈರುಳ್ಳಿ ಸುಲಿದಾಗಲೋ ಹೆಚ್ಚಿದಾಗಲೋ ಹೇಳಿ ಎಂದು ಗಲಾಟೆ ಮಾಡಿದಳು.

ಅದಾದ ವಾರಕ್ಕೆ ಪ್ಯೋ ಕಡೆಯವರಿಂದ ಎರಡನೇ ದೂರು ಬಂತು. ತೇಸಿಕ್ ಅದನ್ನು ಓದಿದ್ದು ಗೋಡೆಯ ಫಲಕದ ಮೇಲೆ, ಬೆಳಗಿನ ಊಟಕ್ಕೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ. ಎರಡನೇ ನಂಬರಿನ ಬೆಂಬಲಿಗರು ಬಸ್ಸು ಓಡಿಸುತ್ತಲೇ ಎದುರಿನ ಚಾಲಕರಿಗೆ ಎರಡು ಬೆರಳು ತೋರಿಸಿ ಮತ ಕೇಳುತ್ತಿದ್ದಾರೆ, ಒಂದನೇ ನಂಬರಿನ ಆಪ್ತರನ್ನೂ ಇದಕ್ಕೆ ಎಳೆದುಕೊಂಡಿದ್ದಾರೆ ಎಂಬುದು ಒಕ್ಕಣೆ. ಕೆಳಗೆ, ಎದುರಿನ ಬಸ್ಸಿನ ಮುಂಗಾಜಿನ ಕ್ಯಾಮೆರಾದಿಂದ ತೆಗೆದ ಫೋಟೋ. ಗಾಜಿನ ಹಿಂದೆ ತೇಸಿಕ್‌ನ ಮುಖ. ಪಕ್ಕದಲ್ಲಿ ಬಿಳಿ ಗವಸಿನ ಎಡಗೈ. ಎದ್ದು ನಿಂತ ಎರಡು ಬೆರಳು.

"ಏನಪ್ಪಾ ತೇಸಿಕ್, ಪ್ಯೋ ಅಣ್ಣನ ಪಕ್ಕ ಕೂತು ಉಣ್ಣೋದು, ರೋಡಲ್ಲಿ ಮಿಗ್ಯೊಂಗ್‌ಗೆ ಬೆರಳೆತ್ತೋದಾ?" ಹಿಂದಿನಿಂದ ಯಾರೋ ಕೆಣಕಿದರು.

"ಪಾಪ, ಎರಡಕ್ಕೆ ಓಟು ಅಂತಲ್ಲ, ಎರಡು ಪ್ಲೇಟ್ ಅನ್ನ ಅಂತ ಕೇಳಿರ್ತಾನೆ ಬಿಡೋ" ಎಂದ ಇನ್ನೊಬ್ಬ. ಸಾಲಿಗೆ ಸಾಲೇ ನಕ್ಕಿತು.

ತೇಸಿಕ್ ನಗಲಿಲ್ಲ. ತಟ್ಟೆಯ ಅಡಿಗಿದ್ದ ಎಡಗೈಯನ್ನು ಇನ್ನಷ್ಟು ಒಳಕ್ಕೆ ಎಳೆದುಕೊಂಡ.

ವಿಷಯವಿಷ್ಟೇ. ಅವನ ಎಡಗೈಯ ಉಂಗುರದ ಬೆರಳು ಮತ್ತು ಕಿರುಬೆರಳು ನೆಟ್ಟಗಾಗುತ್ತಿರಲಿಲ್ಲ. ಐದು ವರ್ಷದ ಹಿಂದೆ ಅಂಗೈಯಲ್ಲಿ ಕಡಲೆಕಾಳಿನಷ್ಟು ಗಂಟು ಕಾಣಿಸಿಕೊಂಡಿತು. ನೋವಿರಲಿಲ್ಲ. ಆಮೇಲೆ ಗಂಟಿನಿಂದ ಒಂದು ದಾರ ಹೊರಟಂತಾಗಿ ಬೆರಳುಗಳನ್ನು ನಿಧಾನವಾಗಿ ಒಳಕ್ಕೆ ಎಳೆಯಿತು. ಈಗ ಅವೆರಡೂ ಅಂಗೈಗೆ ಅಂಟಿಕೊಂಡೇ ಇರುತ್ತಿದ್ದವು. ಸ್ಟೀರಿಂಗ್ ಹಿಡಿಯಲು ಅಡ್ಡಿಯಿಲ್ಲ, ಹಿಡಿದುಕೊಂಡೇ ಹುಟ್ಟಿದ ಹಾಗೆ ಹಿಡಿಯುತ್ತಿತ್ತು. ಬಿಡುವುದಷ್ಟೇ ಕಷ್ಟ. ಗವಸಿನೊಳಗೆ ಯಾರಿಗೂ ಕಾಣುತ್ತಿರಲಿಲ್ಲ. ಕಂಪನಿಯ ವಾರ್ಷಿಕ ತಪಾಸಣೆಯಲ್ಲಿ ಕಣ್ಣು ನೋಡುತ್ತಿದ್ದರು, ಕಿವಿ ನೋಡುತ್ತಿದ್ದರು, ರಕ್ತ ತೆಗೆಯುತ್ತಿದ್ದರು. ಕೈ ಚಾಚಪ್ಪಾ ಎಂದು ಒಬ್ಬ ವೈದ್ಯನೂ ಕೇಳಿರಲಿಲ್ಲ. ಇವನೂ ಹೇಳಿರಲಿಲ್ಲ. ಹೇಳಿದರೆ ಬಸ್ಸಿನಿಂದ ಇಳಿಸುತ್ತಾರೆ. ಐವತ್ತೆಂಟು ವರ್ಷದ ಚಾಲಕನನ್ನು ಒಮ್ಮೆ ಇಳಿಸಿದರೆ ಮತ್ತೆ ಹತ್ತಿಸುವವರು ಯಾರು? ಬಸ್ಸು ಓಡಿಸುವುದು ಬಿಟ್ಟರೆ ತೇಸಿಕ್‌ಗೆ ಬೇರೇನೂ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಹೆಂಡತಿ ಜೊಂಗ್ಸುಕ್‌ಗೆ ಮಾತ್ರ ಗೊತ್ತಿತ್ತು. ರಾತ್ರಿ ಬಿಸಿನೀರಿನ ಬಟ್ಟೆ ಸುತ್ತಿ ಬೆರಳು ನೀವುತ್ತಿದ್ದವಳು ಅವಳೇ. ಅವನು ವಾರದ ರಜೆಯಲ್ಲಿ ಗೆಳೆಯರ ಜೊತೆ ಊರಿನ ಸಾರ್ವಜನಿಕ ಸ್ನಾನದ ಮನೆಗೆ ಹೋಗುವುದನ್ನು ನಿಲ್ಲಿಸಿದ. ಅಲ್ಲಿ ಒಬ್ಬರಿಗೊಬ್ಬರು ಬೆನ್ನು ಉಜ್ಜಿಕೊಡಬೇಕು, ಕೈ ಬಿಚ್ಚಬೇಕು. ಚರ್ಮಕ್ಕೆ ಬಿಸಿನೀರು ಆಗುವುದಿಲ್ಲ ಎಂದು ಸಬೂಬು ಹೇಳಿದ, ಗೆಳೆಯರು ನಂಬಿದರು.

ವಿಚಾರಣೆ ಶುಕ್ರವಾರ ಎಂದು ಗೊತ್ತಾಯಿತು. ಬುಧವಾರ ತೇಸಿಕ್ ಪಾಳಿ ಮುಗಿಸಿ ಬಸ್ಸು ತೊಳೆಸುತ್ತಿದ್ದಾಗ ಪ್ಯೋ ಬಂದ. ಯಂತ್ರದಿಂದ ಬಿಸಿ ಕಾಫಿಯ ಎರಡು ಕಾಗದದ ಲೋಟ ತಂದು ಒಂದನ್ನು ಅವನ ಬಲಗೈಗೆ ಕೊಟ್ಟ.

"ನಮ್ಮ ಹುಡುಗರು ಅವಸರ ಮಾಡಿಬಿಟ್ರು ಕಣೋ. ನಿನ್ನ ಫೋಟೋನೇ ಹಾಕ್ಬೇಕಿತ್ತಾ? ಆಗಿದ್ದಾಯ್ತು."

"ಅಣ್ಣ, ನಾನು ಅವಳಿಗೆ ಪ್ರಚಾರ ಮಾಡ್ಲಿಲ್ಲ. ನಿಮಗೆ ಗೊತ್ತಲ್ಲ."

"ನನಗೆ ಗೊತ್ತಿಲ್ವೇನೋ? ಕೇಳು. ಬಾಂಗ್ ಕೇಳಿದ್ರೆ ನೆನಪಿಲ್ಲ ಅನ್ನು. ಎತ್ತಿದ್ದೆ ಅನ್ನಬೇಡ, ಎತ್ತಲಿಲ್ಲ ಅನ್ನಬೇಡ. ನೆನಪಿಲ್ಲ. ನಿನ್ನ ಮೇಲೆ ಏನೂ ಬರಲ್ಲ, ನಾನು ನೋಡ್ಕೋತೀನಿ."

"ಮತ್ತೆ ಮಿಗ್ಯೊಂಗ್?"

"ಮೂರು ವರ್ಷ ಬಿಟ್ಟು ಇನ್ನೊಂದು ಎಲೆಕ್ಷನ್ ಬರುತ್ತೆ, ಆಗ ನಿಲ್ತಾಳೆ. ಅವಳಿಗೇನು ವಯಸ್ಸಾಗಿದ್ಯಾ?" ಪ್ಯೋ ತೇಸಿಕ್‌ನ ಹೆಗಲು ತಟ್ಟಿದ. "ನಾನು ಯಾವತ್ತಾದ್ರೂ ನಿನ್ನ ಕೈ ಬಿಟ್ಟಿದ್ದೀನಾ?"

ಬಿಟ್ಟಿರಲಿಲ್ಲ. ಎಂಟು ವರ್ಷದ ಹಿಂದೆ ತಿರುವಿನಲ್ಲಿ ಊಟ ಸಾಗಿಸುವ ಬೈಕೊಂದು ತೇಸಿಕ್‌ನ ಬಸ್ಸಿನಡಿ ನುಗ್ಗಿ ಸವಾರನ ಕಾಲು ಮುರಿದಾಗ, ಕಂಪನಿ ಅವನನ್ನು ಮನೆಗೆ ಕಳಿಸಲು ನಿಂತಿತ್ತು. ಪ್ಯೋ ಮ್ಯಾನೇಜರ ಕೋಣೆಯಲ್ಲಿ ಊಟ ನಿದ್ದೆ ಬಿಟ್ಟು ಕೂತು ಅವನನ್ನು ಉಳಿಸಿಕೊಂಡಿದ್ದ. ಆ ಋಣ ತೇಸಿಕ್‌ನ ಎದೆಯ ಮೇಲೆ ಇಂದಿಗೂ ಇತ್ತು, ಅದರ ಭಾರ ಅವನಿಗೆ ಹಿತವಾಗಿಯೇ ಇತ್ತು. ಪ್ಯೋ ಹೇಳಿದ್ದು ಸರಿ ಎಂದುಕೊಂಡ. ನೆನಪಿಲ್ಲ ಎಂಬ ಒಂದು ಮಾತಿಗೆ ಏನು ಖರ್ಚು? ಗವಸು ಕೈಮೇಲೆಯೇ ಇರುತ್ತದೆ, ತಾನೂ ಬಸ್ಸಿನ ಮೇಲೆಯೇ ಉಳಿಯಬಹುದು.

ಗುರುವಾರ ಅವನ ಬಸ್ಸು ಉಪ್ಪಿನ ಧಕ್ಕೆ ತಲುಪಿದಾಗ ಮುಂದೆ ಮಿಗ್ಯೊಂಗ್‌ಳ ಬಸ್ಸು ನಿಂತಿತ್ತು. ಅವಳು ಪೆಟ್ರೋಲ್ ಬಂಕಿನ ಕಡೆ ಓಡುತ್ತಿದ್ದಳು. ಬೀಗ ಎಳೆದು ನೋಡಿದಳು. ಕಿಟಕಿ ಬಡಿದಳು, ಒಳಗಿದ್ದವನು ಕೈ ಅಲ್ಲಾಡಿಸಿದ. ಹಿಂದಕ್ಕೆ ಬರುವಾಗ ಓಡಲಿಲ್ಲ, ತೊಡೆ ಒತ್ತಿ ಹಿಡಿದು ಸಣ್ಣ ಹೆಜ್ಜೆ ಇಡುತ್ತಾ ಬಂದಳು. ತೇಸಿಕ್‌ನ ಕಿಟಕಿಯ ಕೆಳಗೆ ನಿಂತಳು.

"ಅಣ್ಣ, ಒಂದು ಮಾತು. ನೀವು ನನಗೆ ಪ್ರಚಾರ ಮಾಡಿದ್ರಾ?"

"ಇಲ್ಲಮ್ಮ."

"ಅದೇ ನಾನೂ ಅಂದ್ಕೊಂಡೆ. ನೀವು ನನಗೆ ಓಟೂ ಹಾಕಲ್ಲ, ಪ್ರಚಾರ ಎಲ್ಲಿಂದ ಬಂತು?" ಎಂದು ನಕ್ಕಳು. ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು. "ಅಯ್ಯೋ, ನಗೋ ಹಾಗೂ ಇಲ್ಲ. ನಾಳೆ ಅಷ್ಟು ಹೇಳಿ ಅಣ್ಣ, ಸಾಕು."

"ಫೋಟೋ ಇದೆಯಲ್ಲಮ್ಮ. ಅದರಲ್ಲಿ ಎರಡು ಬೆರಳು ಕಾಣುತ್ತೆ."

"ಕಾಣುತ್ತೆ. ನಾನೂ ದಿನಾ ನಿಮ್ಮ ಎದುರಿಗೆ ಬರ್ತೀನಿ. ನೀವು ಹಾಗೇ ಎತ್ತೋದು, ನಂಬರ್ ಕೊಡೋಕೆ ಮುಂಚಿನಿಂದ. ಆದ್ರೆ ನಾನು ಹೇಳಿದ್ರೆ ಯಾರು ನಂಬ್ತಾರೆ?"

ಯಾಕೆ ಹಾಗೆ ಎತ್ತುತ್ತೀರಿ ಎಂದು ಅವಳು ಕೇಳಲಿಲ್ಲ. ಹೊರಡುವ ಹೊತ್ತಾಗಿತ್ತು. ಅವಳ ಬಸ್ಸಿನಲ್ಲಿ ಜನ ಆಗಲೇ ಕೂತಿದ್ದರು, ಒಬ್ಬ ಅಜ್ಜ ಗಡಿಯಾರ ನೋಡಿಕೊಂಡು ಗೊಣಗುತ್ತಿದ್ದ. ಅವಳು ಹತ್ತಿ, ಬೆಲ್ಟು ಬಿಗಿದು, ಅದು ಹೊಟ್ಟೆಗೆ ಒತ್ತಿದ್ದಕ್ಕೆ ಮತ್ತೆ ಸಡಿಲಿಸಿ, ಹೊರಟಳು. ಇನ್ನು ಗರಾಜು ಮುಟ್ಟುವ ತನಕ ಅವಳಿಗೆ ಬೇರೆ ದಾರಿಯಿಲ್ಲ. ದಾರಿಯುದ್ದಕ್ಕೂ ರಸ್ತೆ ಉಬ್ಬುಗಳು ಎಲ್ಲೆಲ್ಲಿವೆ ಎಂದು ತೇಸಿಕ್‌ಗೆ ಬಾಯಿಪಾಠ. ಅವನು ಆ ಬಸ್ಸಿನ ಹಿಂದೆಯೇ ಹೋದ. ಪ್ರತಿ ಉಬ್ಬಿನ ಮುಂದೆ ಅವಳ ಕೆಂಪು ದೀಪ ಅಗತ್ಯಕ್ಕಿಂತ ಮೊದಲೇ ಹತ್ತುತ್ತಿತ್ತು. ಅದನ್ನು ನೋಡಿ ನೋಡಿ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಆ ಸಂಜೆ ಜೊಂಗ್ಸುಕ್‌ಗೆ ಎಲ್ಲವನ್ನೂ ಹೇಳಿದ.

"ಯಾರಾದ್ರೂ ಗವಸು ಬಿಚ್ಚು ಅಂದ್ರಾ?" ಎಂದು ಕೇಳಿದಳು ಅವಳು.

"ಇಲ್ಲ."

"ಮತ್ತೆ ನಿಮಗ್ಯಾಕೆ ಊರಿನ ಉಸಾಬರಿ? ಎರಡು ವರ್ಷ ಕಣ್ಮುಚ್ಚಿದ್ರೆ ನಿವೃತ್ತಿ" ಎಂದಳು. ಬಟ್ಟೆ ಹಿಂಡಿ ಅವನ ಕೈಗೆ ಸುತ್ತಿದಳು. ಸುತ್ತಿದ ಮೇಲೆ, "ಆ ಹೆಣ್ಣಿಗೆ ಮಕ್ಕಳಿದ್ದಾರಾ?" ಎಂದು ಕೇಳಿದಳು. ಗೊತ್ತಿಲ್ಲ ಎಂದ ತೇಸಿಕ್. ಅವಳು ದೀಪ ಆರಿಸಿದಳು.

ವಿಚಾರಣೆ ಸಂಘದ ಕೋಣೆಯಲ್ಲಿ. ಮೇಜಿನ ಹಿಂದೆ ಬಾಂಗ್ ಮತ್ತು ಇನ್ನಿಬ್ಬರು. ಒಂದು ಬದಿಗೆ ಪ್ಯೋ, ಇನ್ನೊಂದು ಬದಿಗೆ ಮಿಗ್ಯೊಂಗ್. ಬಾಗಿಲಲ್ಲಿ ಪಾಳಿ ಮುಗಿಸಿ ಬಂದವರ ನೂಕುನುಗ್ಗಲು. ಬಾಂಗ್ ಫೋಟೋವನ್ನು ಮೇಜಿನ ಮೇಲಿಟ್ಟು ಕನ್ನಡಕ ಏರಿಸಿಕೊಂಡ.

"ತೇಸಿಕ್, ಇದು ನೀನೇನಾ?"

"ನಾನೇ."

"ಕೈ ನಿಂದೇನಾ?"

"ಬೇರೆ ಯಾರದ್ದೋ ಕೈ ತಂದು ಓಡಿಸ್ತಾನಾ ಅಣ್ಣ?" ಎಂದು ಬಾಗಿಲಿನಿಂದ ಯಾರೋ ಕೂಗಿದರು. ಬಾಂಗ್ ಆ ಕಡೆ ಗುರಾಯಿಸಿದ.

"ಎರಡು ಬೆರಳು ಯಾಕೆ ಎತ್ತಿದೆ?"

ಪ್ಯೋ ತೇಸಿಕ್‌ನನ್ನು ನೋಡಿದ. ಮಿಗ್ಯೊಂಗ್ ನೋಡಲಿಲ್ಲ, ತನ್ನ ಮಂಡಿಯ ಮೇಲಿದ್ದ ಟೋಪಿಯ ಅಂಚು ತಿರುವುತ್ತಿದ್ದಳು.

ನೆನಪಿಲ್ಲ ಎನ್ನುವ ಮಾತು ತೇಸಿಕ್‌ನ ನಾಲಿಗೆಯ ತುದಿಗೆ ಬಂದಿತ್ತು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಆದರೆ ಬಾಯಿ ತೆರೆದಾಗ ಬೇರೆಯೇ ಬಂತು.

"ಎರಡು ಎತ್ತಲಿಲ್ಲ ಅಣ್ಣ. ಐದೂ ಎತ್ತಿದ್ದೆ. ಎರಡು ಏಳಲ್ಲ. ಹೆಬ್ಬೆರಳು ಆ ಕಡೆಯಿಂದ ಕಾಣಲ್ಲ."

ಬಾಂಗ್‌ಗೆ ಅರ್ಥವಾಗಲಿಲ್ಲ. ತೇಸಿಕ್ ಬಲಗೈಯಿಂದ ಗವಸಿನ ತುದಿ ಹಿಡಿದು ಎಳೆದ. ಕಿರುಬೆರಳ ಕಡೆ ಅದು ಸಿಕ್ಕಿಕೊಂಡಿತು, ದಿನಾ ಸಿಕ್ಕಿಕೊಳ್ಳುತ್ತಿತ್ತು. ಬಿಡಿಸಿ, ಬರಿಗೈಯನ್ನು ಮೇಜಿನ ಮೇಲೆ, ಫೋಟೋದ ಪಕ್ಕ ಇಟ್ಟ. ಬೆರಳುಗಳು ಅಂಗೈಯೊಳಗೆ ಮುದುಡಿ ಕೂತಿದ್ದವು. ಚರ್ಮದ ಅಡಿಯಲ್ಲಿ ಹುರಿ ಎದ್ದು ಕಾಣುತ್ತಿತ್ತು. ಬಾಗಿಲಿನವರು ಕತ್ತು ಚಾಚಿ ನೋಡಿದರು.

"ಯಾಕೋ ಬಿಚ್ಚಿದೆ?"

ಕೇಳಿದವನು ಪ್ಯೋ. ಎದ್ದು ನಿಂತಿದ್ದ. ಮುಖ ಕೆಂಪೇರಿತ್ತು, ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಯಾಕೋ ಬಿಚ್ಚಿದೆ, ಕತ್ತೆ? ಐದು ವರ್ಷ, ಐದು ವರ್ಷ ಒಂದು ನರಪಿಳ್ಳೆ ಹತ್ರಾನೂ ನಾನು ಬಾಯಿ ಬಿಡ್ಲಿಲ್ಲವಲ್ಲೋ! ನೀನು ಸ್ನಾನದ ಮನೆಗೆ ಬರೋದು ಬಿಟ್ಟಾಗಲೇ ನಂಗೆ ಗೊತ್ತಾಯ್ತು. ನಿನ್ನ ನೌಕರಿ ಉಳೀಲಿ ಅಂತ ಎದೇಲಿಟ್ಕೊಂಡಿದ್ದೆ. ಈಗ ಎಲ್ಲರ ಮುಂದೆ ಬಿಚ್ಚಿ ತೋರಿಸ್ತೀಯಲ್ಲೋ!"

ಪ್ಯೋ ಆಡಿದ್ದು ಬರೀ ಪ್ರೀತಿಯ ಮಾತು. ಅದರಲ್ಲಿ ಸುಳ್ಳಿನ ಎಳೆಯೂ ಇರಲಿಲ್ಲ. ಅದಕ್ಕೇ ಅವನಿಗೆ ತಾನು ಏನು ಹೇಳಿಬಿಟ್ಟೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಮಿಗ್ಯೊಂಗ್ ತಲೆ ಎತ್ತಿದಳು. "ಅಂದ್ರೆ, ಫೋಟೋ ಕೊಟ್ಟಾಗ ನಿಮಗೆ ಗೊತ್ತಿತ್ತು" ಎಂದಳು. ದೊಡ್ಡ ದನಿಯ ಹೆಂಗಸು, ಆ ಮಾತನ್ನು ಮಾತ್ರ ಮೆಲ್ಲಗೆ ಆಡಿದಳು.

ಪ್ಯೋ ಕೂತ. ಬಾಂಗ್ ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ, ದೂರು ವಜಾ ಎಂದು ಬರೆದ. ಬರೆದ ಮೇಲೆ ಒಂದನೇ ನಂಬರಿಗೆ ಒಂದು ಎಚ್ಚರಿಕೆ ಎಂದೂ ಬರೆದ. ಮಿಗ್ಯೊಂಗ್ ಕಣದಲ್ಲಿ ಉಳಿದಳು.

ತೇಸಿಕ್ ಬಸ್ಸಿನಲ್ಲಿ ಉಳಿಯಲಿಲ್ಲ. ಸಂಘದ ಕೋಣೆಯ ಸುದ್ದಿ ಮ್ಯಾನೇಜರ ಕೋಣೆಗೆ ಹೋಗಲು ಅಂಗಳ ದಾಟಿದರೆ ಸಾಕು. ಮರುದಿನ ಬೆಳಗ್ಗೆ ಕೀಲಿ ಕೊಡುವ ಕಿಟಕಿಯಲ್ಲಿ ಅವನ ಬಸ್ಸಿನ ಕೀಲಿ ಇರಲಿಲ್ಲ. "ವೈದ್ಯರ ಪತ್ರ ತಗೊಂಡು ಬನ್ನಿ ಅಣ್ಣ, ನನಗೂ ಮೇಲಿಂದ ಹೇಳಿದ್ದಾರೆ" ಎಂದ ಕಿಟಕಿಯವನು, ಇವನ ಮುಖ ನೋಡದೆ. ತೇಸಿಕ್ ಬೈಯಲಿಲ್ಲ. ಗವಸನ್ನು ಮಡಚಿ ಜೇಬಿಗೆ ಹಾಕಿಕೊಂಡು, ಪ್ರಯಾಣಿಕನಾಗಿ ಬಸ್ಸು ಹತ್ತಿ ಆಸ್ಪತ್ರೆಗೆ ಹೋದ. ಕಿಟಕಿಯ ಪಕ್ಕ ಕೂತು ಹೋಗುವಾಗ ಎದುರಿನಿಂದ ಬಂದ ಬಸ್ಸಿಗೆ ಚಾಲಕ ಕೈ ಎತ್ತಿದ್ದನ್ನು ಹಿಂದಿನಿಂದ ನೋಡಿದ. ಅವನಿಗೆ ಅಳು ಬಂತು, ಪಕ್ಕದ ಹೆಂಗಸಿಗೆ ಕಾಣದಿರಲೆಂದು ಗಾಜಿಗೆ ಮುಖ ಮಾಡಿದ.

ವೈದ್ಯೆ ಚಿಕ್ಕ ವಯಸ್ಸಿನವಳು. ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು, ಬೆರಳನ್ನು ಎಳೆದು ನೋಡಿದಳು.

"ಇದು ಶುರುವಾಗಿ ಎಷ್ಟು ವರ್ಷ ಆಯ್ತು?"

"ಐದು."

"ಆಗ ಯಾಕೆ ಬರಲಿಲ್ಲ?"

ತೇಸಿಕ್ ಜೇಬಿನಲ್ಲಿದ್ದ ಗವಸನ್ನು ಮುಟ್ಟಿ ನೋಡಿಕೊಂಡ.

"ತುಂಬಾ ಜನಕ್ಕೆ ಬರುತ್ತೆ ಇದು. ಬೆರಳು ಬಾಗೋಕೆ ಶುರುವಾದಾಗಲೇ ಬಂದಿದ್ರೆ ಒಂದು ಮಧ್ಯಾಹ್ನದ ಕೆಲಸ. ಒಂದೆರಡು ತಿಂಗಳು ರಜ ಹಾಕಿದ್ರೆ ಮತ್ತೆ ಬಸ್ಸು ಓಡಿಸಬಹುದಿತ್ತು" ಎಂದಳು. "ಈಗ ಗೆಣ್ಣು ಗಟ್ಟಿಯಾಗಿಬಿಟ್ಟಿದೆ. ದೊಡ್ಡ ಆಪರೇಷನ್ನೇ ಬೇಕು. ಉಂಗುರದ ಬೆರಳು ಸ್ವಲ್ಪ ಏಳಬಹುದು. ಕಿರುಬೆರಳಿನ ಆಸೆ ಇಟ್ಕೋಬೇಡಿ."

"ಬಸ್ಸು?"

"ನಾನು ಸುಳ್ಳು ಬರೆದುಕೊಡೋಕಾಗಲ್ಲ" ಎಂದಳು ಅವಳು, ಬೇಜಾರಿನಿಂದಲೇ.

ತೇಸಿಕ್ ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಬಹಳ ಹೊತ್ತು ಕೂತ. ಐದು ವರ್ಷ ತಾನು ಮುಚ್ಚಿಟ್ಟಿದ್ದ. ತಾನು ಮುಚ್ಚಿಟ್ಟದ್ದನ್ನು ಪ್ಯೋ ಇನ್ನೊಂದು ಸುತ್ತು ಮುಚ್ಚಿಟ್ಟಿದ್ದ. ಇಬ್ಬರಲ್ಲಿ ಒಬ್ಬ ಬಾಯಿ ಬಿಟ್ಟಿದ್ದರೂ ಈ ಹೊತ್ತಿಗೆ ತಾನು ನೆಟ್ಟಗಿನ ಕೈ ಇಟ್ಟುಕೊಂಡು ಬಸ್ಸು ಓಡಿಸುತ್ತಿರುತ್ತಿದ್ದ. ಕೈಗೆ ಕಾಯಿಲೆಯಾದರೆ ರಜೆ, ರಜೆ ಮುಗಿದ ಮೇಲೆ ಅದೇ ಬಸ್ಸು ಎಂದು ಕಂಪನಿಯಿಂದ ಒಂದು ಸಾಲು ಬರೆಸಿಕೊಂಡಿದ್ದರೆ ಅವನು ಹೆದರಬೇಕಾಗಿಯೇ ಇರಲಿಲ್ಲ. ಅದನ್ನು ಬರೆಸುವ ಕೆಲಸ ಯಾರದಾಗಿತ್ತು? ಕೋಪ ಪ್ಯೋ ಮೇಲೆ ಬಂತು, ತನ್ನ ಮೇಲೆ ಬಂತು, ಮತ್ತೆ ಪ್ಯೋ ಮೇಲೆ ಬಂತು. ಅಷ್ಟೆಲ್ಲ ಬಂದರೂ ಅವನ ಮೇಲಿನ ಪ್ರೀತಿ ಹೋಗಲಿಲ್ಲ, ಅದೇ ಸಂಕಟ.

ಮತದಾನದ ದಿನ ತೇಸಿಕ್ ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು ಗರಾಜಿಗೆ ಬಂದ. ಊಟದ ಮನೆಯ ಮೂಲೆಗೆ ಪರದೆ ಕಟ್ಟಿ ಮತಗಟ್ಟೆ ಮಾಡಿದ್ದರು. ಬಾಗಿಲ ಹೊರಗೆ ಪ್ಯೋ ಒಬ್ಬನೇ ನಿಂತಿದ್ದ. ಎದೆಯ ಮೇಲಿನ ನಂಬರಿನ ಪಟ್ಟಿ ತೆಗೆದಿದ್ದ, ಆ ದಿನ ಯಾರೂ ಹಾಕುವಂತಿರಲಿಲ್ಲ. ಪಟ್ಟಿಯಿಲ್ಲದೆ ಅವನು ವಯಸ್ಸಾದವನಂತೆ ಕಂಡ. ಬಂದವರೆಲ್ಲ ಅವನಿಗೆ ಬಾಗಿ ನಮಸ್ಕರಿಸಿ ಒಳಗೆ ಹೋಗುತ್ತಿದ್ದರು, ಮೊದಲಿನ ಹಾಗೆ ನಿಂತು ಮಾತಾಡುತ್ತಿರಲಿಲ್ಲ.

"ಊಟ ಆಯ್ತೇನೋ?" ಎಂದ ಪ್ಯೋ.

"ಇನ್ನೂ ಇಲ್ಲ ಅಣ್ಣ."

"ಕೈಗೇನಂದ್ರು?"

ತೇಸಿಕ್ ವೈದ್ಯೆ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದ. ಒಂದು ಮಧ್ಯಾಹ್ನದ ಕೆಲಸ ಎಂಬಲ್ಲಿಗೆ ಬಂದಾಗ ಪ್ಯೋನ ಮುಖ ನೋಡಲಾಗಲಿಲ್ಲ, ನೆಲ ನೋಡಿಕೊಂಡು ಮುಗಿಸಿದ. ಪ್ಯೋ ಏನೋ ಹೇಳಲು ಹೋದ. ತುಟಿ ಅಲುಗಿತು, ಮಾತು ಬರಲಿಲ್ಲ. ಯಾರದೇ ಮನೆಯ ಸಾವಿನಲ್ಲಿ ಸರಿಯಾದ ಮಾತು ಹುಡುಕಿ ಆಡುತ್ತಿದ್ದವನು ಅವನು.

ತೇಸಿಕ್ ಒಳಗೆ ಹೋದ. ಹೆಸರು ಹೇಳಿ ಮತಚೀಟಿ ಪಡೆದ. ಪರದೆಯ ಹಿಂದೆ ಬಲಗೈಯಲ್ಲಿ ಮುದ್ರೆ ಹಿಡಿದ. ಎಡಗೈಯ ಗೆಣ್ಣುಗಳಿಂದ ಚೀಟಿ ಜಾರದಂತೆ ಒತ್ತಿಕೊಂಡ. ಅವನ ಜನ್ಮದಲ್ಲಿ ಅವನು ಪ್ಯೋನ ಹೆಸರು ಬಿಟ್ಟು ಬೇರೆಯದಕ್ಕೆ ಒತ್ತಿದವನಲ್ಲ. ಒತ್ತಿದ. ಮಡಚಿ ಪೆಟ್ಟಿಗೆಗೆ ಹಾಕಿ ಹೊರಗೆ ಬಂದ.

ಪ್ಯೋ ಅಲ್ಲೇ ಇದ್ದ. ಸುಮ್ಮನೆ ದಾಟಿ ಹೋಗಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಗುಟ್ಟಿನ ಮತ ಇರುವುದೇ ಅದಕ್ಕೆ. ಆದರೆ ತೇಸಿಕ್‌ಗೆ ಗುಟ್ಟು ಸಾಕಾಗಿ ಹೋಗಿತ್ತು.

"ಅಣ್ಣ, ಎರಡಕ್ಕೆ ಒತ್ತಿದೆ."

ಪ್ಯೋ ಅವನನ್ನೇ ನೋಡಿದ.

"ಮತಗಟ್ಟೆ ಬಾಗಿಲಲ್ಲಿ ನಂಬರ್ ಹೇಳ್ತೀಯಲ್ಲೋ, ಪ್ರಚಾರ ಆಗುತ್ತೆ" ಎಂದ. ನಗಿಸಲೆಂದೇ ಹೇಳಿದ ಮಾತು. ಇಬ್ಬರಿಗೂ ನಗು ಬರಲಿಲ್ಲ. ಪ್ಯೋ ಕಣ್ಣು ತಿರುಗಿಸಿ ಸಾಲುಗಟ್ಟಿ ನಿಂತ ಬಸ್ಸುಗಳ ಕಡೆ ನೋಡುತ್ತಾ ನಿಂತ. ಆಮೇಲೆ, "ನಾನೂ ಇನ್ನೂ ಉಂಡಿಲ್ಲ, ನಡಿ" ಎಂದ.

ಇಬ್ಬರೂ ಒಳಗೆ ಹೋಗಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತರು. ತೇಸಿಕ್ ಎಡಗೈಯನ್ನು ತಟ್ಟೆಯ ಅಡಿಗೆ ಬಚ್ಚಿಡಲಿಲ್ಲ. ಸೂಪಿನ ಬಟ್ಟಲು ಆ ಕೈಯಲ್ಲಿ ವಾಲಿದಾಗ ಪ್ಯೋ ಅದನ್ನು ಹಿಡಿಯಲು ಬಂದ. ಬೇಡ ಅಣ್ಣ, ಎಂದು ತೇಸಿಕ್ ತಾನೇ ಹಿಡಿದುಕೊಂಡ.